ಅರ್ಧ ಸಿನಿಮಾ ಎಡಿಟ್ ಟೇಬಲ್ಲಲ್ಲೇ ಆಯ್ತು, ಕ್ರೆಡಿಟ್ ಏನಂತ ಕೇಳೋದು?

ಟೈಮ್‌ಲೈನ್ ತಿಮ್ಮ:
ಗುರುಗಳೇ ಒಂದು ಡೌಟು. ಸಣ್ಣ ಬಜೆಟ್ಟಿನ ಕನ್ನಡ ಫೀಚರ್ ಒಂದನ್ನ ಎಡಿಟ್ ಮಾಡ್ತಿದೀನಿ, ದುಡ್ಡು ಹಾಕಿರೋರು ಡೈರೆಕ್ಟರ್ ಫ್ರೆಂಡ್ಸೇ. ಸ್ಕ್ರಿಪ್ಟ್ ಪ್ರಕಾರ ಅಸೆಂಬ್ಲಿ (ಸೀನೆಲ್ಲ ಸಾಲಾಗಿ ಜೋಡಿಸಿದ ಮೊದಲ ಕಟ್) ಹಾಕಿದ್ರೆ ಮೂರು ಗಂಟೆ ಹತ್ರ ಬಂತು, ಇಂಟರ್ವಲ್ ಆದ್ಮೇಲೆ ಕಥೆ ಮಲಗೇಬಿಡ್ತು. ಡೈರೆಕ್ಟರ್ "ನೀವೇ ಏನಾದ್ರೂ ಮಾಡಿ" ಅಂದ್ರು. ಸರಿ ಅಂತ ಕ್ಲೈಮ್ಯಾಕ್ಸ್ ಹತ್ರ ಇದ್ದ ಆಸ್ಪತ್ರೆ ಸೀನ್ ತಂದು ಓಪನಿಂಗಿಗೆ ಇಟ್ಟೆ, ಹೀರೋ ಭಾವನ ಪಾತ್ರಾನೇ ಎತ್ತಿ ಆಚೆ ಹಾಕ್ದೆ, ಆ ಗ್ಯಾಪ್ ಮುಚ್ಚೋಕೆ ಹೀರೋಯಿನ್ ಬೆನ್ನು ಕಾಣೋ ಶಾಟ್ ಮೇಲೆ ಹೊಸ ಡೈಲಾಗ್ ನಾನೇ ಬರೆದು ಡಬ್ಬಿಂಗಲ್ಲಿ ಕೂರಿಸ್ದೆ, ಪ್ಯಾಚ್‌ವರ್ಕ್ ಶೂಟಿನ (ಕಮ್ಮಿ ಬಿದ್ದ ಶಾಟ್ಸ್ ಆಮೇಲೆ ತೆಗೆಯೋದು) ಶಾಟ್ ಲಿಸ್ಟೂ ನಂದೇ. ಈಗ ಫೆಸ್ಟಿವಲ್ ಫಾರ್ಮಲ್ಲಿ ಬರೀ "ಸಂಕಲನ" ಅಂತ ಹಾಕಿದಾರೆ. ಡೈರೆಕ್ಷನ್ ನಂದು ಅಂತಿಲ್ಲ, ಆದ್ರೆ ಇದಿಷ್ಟೂ ಎಡಿಟಿಂಗೇನಾ?

ಕತ್ತರಿ ಕಾಕಾ:
ಹೂಂ ಗುರು, ಅದೇ ಎಡಿಟಿಂಗ್. 1977ರ ಹಾಲಿವುಡ್ ಸಿನಿಮಾ ಆನಿ ಹಾಲ್ ತಗೋ. ಮೊದಲ ಕಟ್ ಎರಡೂ ಕಾಲು ಗಂಟೆ ಮೇಲಿತ್ತು, ಹೀರೋ ತಲೆಯೊಳಗಿನ ಗೋಳೇ ಜಾಸ್ತಿ. ಎಡಿಟರ್ ರಾಲ್ಫ್ ರೋಸೆನ್‌ಬ್ಲಮ್ ಡೈರೆಕ್ಟರ್ ಜೊತೆ ಕೂತು ಅದರೊಳಗಿನ ಲವ್ ಸ್ಟೋರಿ ಹುಡುಕಿ ತೆಗೆದ್ರು, ರಿಲೀಸಾಗಿದ್ದು 93 ನಿಮಿಷ. ಆಸ್ಕರ್ ಬಂದಿದ್ದು ಪಿಕ್ಚರ್, ಡೈರೆಕ್ಷನ್, ಸ್ಕ್ರೀನ್‌ಪ್ಲೇ, ನಟಿಗೆ. ಎಡಿಟಿಂಗಿಗೆ ನಾಮಿನೇಷನ್ನೂ ಇಲ್ಲ! ನಮ್ಮ ಕೆಲಸದ ಹಣೆಬರಹವೇ ಅಷ್ಟು.

ಗೆರಿಲ್ಲಾ ಗಿರಿ:
ಕಾಕಾ, ಅವರಿಗೆ ಅನ್ಯಾಯ ಆಯ್ತು ಅಂತ ಇವ್ರಿಗೂ ಆಗ್ಬೇಕಾ 😀 ಸೀನ್ ಹಿಂದೆ ಮುಂದೆ ಮಾಡೋದು ಎಡಿಟಿಂಗ್, ಒಪ್ತೀನಿ. ಹೊಸ ಡೈಲಾಗ್ ಬರೆಯೋದು ರೈಟಿಂಗ್, ಅದಕ್ಕೆ ಬೇರೆ ಹೆಸರಿದೆ.
ಇಂಡಿಪೆಂಡೆಂಟ್ ಸಿನಿಮಾದಲ್ಲಿ ಈ ಗೆರೆ ಮೊದಲಿಂದಲೂ ಮಸುಕೇ. ಶಾನ್ ಬೇಕರ್ 2025ರಲ್ಲಿ ಅನೋರಾ ಒಂದೇ ಸಿನಿಮಾಗೆ ಡೈರೆಕ್ಷನ್, ಸ್ಕ್ರೀನ್‌ಪ್ಲೇ, ಎಡಿಟಿಂಗ್ ಮೂರಕ್ಕೂ ಆಸ್ಕರ್ ಹೊತ್ಕೊಂಡು ಹೋದ್ರು. ಅಮೆರಿಕದ ಡೈರೆಕ್ಟರ್ ಜೋಡಿ ಕೋಯೆನ್ ಬ್ರದರ್ಸ್ ತಾವೇ ಎಡಿಟ್ ಮಾಡಿ ರಾಡ್ರಿಕ್ ಜೇನ್ಸ್ ಅಂತ ಇಲ್ಲದಿರೋ ಮನುಷ್ಯನ ಹೆಸರು ಹಾಕ್ತಾರೆ, ಆ ಪುಣ್ಯಾತ್ಮನಿಗೆ ಎರಡು ಸಲ ಆಸ್ಕರ್ ನಾಮಿನೇಷನ್ ಬೇರೆ! ನಮ್ಮಲ್ಲೂ ಗರುಡ ಗಮನ ವೃಷಭ ವಾಹನಕ್ಕೆ ಕ್ಯಾಮೆರಾ, ಎಡಿಟಿಂಗ್ ಎರಡೂ ಪ್ರವೀಣ್ ಶ್ರಿಯಾನ್ ಅವರದೇ.
ನನ್ನ ಶಾರ್ಟ್ ಫಿಲ್ಮ್ಸ್ ನಾನೇ ಎಡಿಟ್ ಮಾಡ್ಕೊಳ್ಳೋದು, ದುಡ್ಡಿಲ್ಲ ಅಷ್ಟೇ ಕಾರಣ. ಆದ್ರೆ ಮಳೇಲಿ ನೆನೆದು ತೆಗೆದ ಶಾಟ್ ಕತ್ತರಿಸೋಕೆ ಕೈ ಬರಲ್ಲ. ಹಾಲಿವುಡ್ ಎಡಿಟರ್ ವಾಲ್ಟರ್ ಮರ್ಚ್ ಶೂಟಿಂಗ್ ಸೆಟ್ ಕಡೆ ತಲೆ ಹಾಕೋಕೇ ಇಷ್ಟಪಡಲ್ಲ, ಯಾಕೆ ಅಂತ ಈಗ ಗೊತ್ತಾಗ್ತಿದೆ.

ರಫ್‌ಕಟ್ ರಾಣಿ:
ತಿಮ್ಮಣ್ಣ, ಎರಡು ಪ್ರಶ್ನೆ. ನೀವು ಹಾಕಿದ ಕಟ್ ನೋಡಿ ಡೈರೆಕ್ಟರ್ "ಇದು ಬೇಡ" ಅಂದಿದ್ದು ಉಂಟಾ? ಪ್ಯಾಚ್‌ವರ್ಕಲ್ಲಿ ಆರ್ಟಿಸ್ಟ್ ಹತ್ರ ಹೋಗಿ ಮಾತಾಡ್ತಿದ್ದಿದ್ದು ಯಾರು?
ನಾನು ಡಾಕ್ಯುಮೆಂಟರಿ ಕಡೆಯವಳು. ಅಲ್ಲಿ ಗಂಟೆಗಟ್ಟಲೆ ಫುಟೇಜ್ ಬರುತ್ತೆ, ಸ್ಕ್ರಿಪ್ಟ್ ಹುಟ್ಟೋದೇ ಟೇಬಲ್ ಮೇಲೆ, ಹಾಗಾಗಿ ಎಡಿಟರ್‌ಗೆ ರೈಟಿಂಗ್ ಕ್ರೆಡಿಟ್ ಕೊಡೋದು ಹೊಸದೇನಲ್ಲ. ಫಿಕ್ಷನ್ನಲ್ಲಿ ಯಾಕೋ ಅದನ್ನ ಕೇಳಿದ್ರೆ ಜಗಳ ಅಂದ್ಕೋತಾರೆ.

ಟೈಮ್‌ಲೈನ್ ತಿಮ್ಮ:
ಬೇಡ ಅಂದಿದ್ದಾರೆ ಮೇಡಂ, ನಂಗೆ ಇಷ್ಟ ಇದ್ದ ಎಂಡಿಂಗ್ ವಾಪಸ್ ತೆಗೆಸಿದ್ರು. ಪ್ಯಾಚ್‌ವರ್ಕಲ್ಲೂ ಆರ್ಟಿಸ್ಟ್ ಜೊತೆ ಇದ್ದಿದ್ದು ಅವ್ರೇ, ನಾನು ಮಾನಿಟರ್ ಹತ್ರ ಲ್ಯಾಪ್‌ಟಾಪ್ ಇಟ್ಕೊಂಡು ಕಂಟಿನ್ಯೂಟಿ ನೋಡ್ತಿದ್ದೆ.

ರಫ್‌ಕಟ್ ರಾಣಿ:
ಹಾಗಿದ್ರೆ ಡೈರೆಕ್ಷನ್ ಅವರದ್ದೇ, ಅದ್ರಲ್ಲಿ ಡೌಟಿಲ್ಲ. ನೀವು "ಸಂಕಲನ" ಜೊತೆಗೆ "ಹೆಚ್ಚುವರಿ ಸಂಭಾಷಣೆ" ಅಂತ ಒಂದು ಕಾರ್ಡ್ ಕೇಳಿ, ಸ್ಕ್ರೀನ್‌ಪ್ಲೇನಲ್ಲೂ ಹೆಸರು ಸೇರಿಸ್ತಾರಾ ವಿಚಾರಿಸಿ. ಬಾಯಿಮಾತು ಬೇಡ, ಒಂದು ಮೇಲ್ ಹಾಕಿ, ಹಳೇ ಅಸೆಂಬ್ಲಿ ಪ್ರಾಜೆಕ್ಟ್ ಫೈಲ್ ಡಿಲೀಟ್ ಮಾಡ್ಬೇಡಿ.

ಕತ್ತರಿ ಕಾಕಾ:
ಇದು ಸರಿ. ಕೇಳೋದಾದ್ರೆ ಎಡಿಟ್ ಲಾಕ್ (ಫೈನಲ್) ಮಾಡೋಕೆ ಮುಂಚೆ ಕೇಳು, ಸೆನ್ಸಾರ್ ಆದ್ಮೇಲೆ ಟೈಟಲ್ ಕಾರ್ಡ್ ಮುಟ್ಟಬೇಕಂದ್ರೂ ಬೋರ್ಡಿಗೆ ತಿಳಿಸ್ಬೇಕಾಗುತ್ತೆ, ಆಗ ಪ್ರೊಡ್ಯೂಸರ್ ಖರ್ಚಿನ ಲೆಕ್ಕ ತೆಗೀತಾನೆ. ಅಂದಹಾಗೆ ಆ ಭಾವನ ಪಾತ್ರ ಮಾಡಿದೋನಿಗೆ ಹೇಳಿದೀರಾ ಇಲ್ವಾ?