ಅಪ್‌ಡೇಟ್: ಬಿಬಿಎಸ್ ಸಿಸಾಪ್ ಯುಟಿಲಿಟಿಗಳ ಪಟ್ಟಿ

ಡಾಸ್ ಕಾಲದ ಬಿಬಿಎಸ್ (ಮೋಡೆಮ್‌ನಿಂದ ಕರೆ ಮಾಡಿ ಸೇರುತ್ತಿದ್ದ ಬುಲೆಟಿನ್ ಬೋರ್ಡ್) ನಡೆಸುವವರ, ಅಂದರೆ ಸಿಸಾಪ್‌ಗಳ, ಯುಟಿಲಿಟಿಗಳನ್ನು ಎಲ್ಲರೂ ಸೇರಿ ಪಟ್ಟಿ ಮಾಡಿದರೆ ಯಾವ ಕಾಲಂಗಳು ಇರಬೇಕು ಎಂದು ಕೇಳಿದ್ದೆ. ನಿಮ್ಮ ಸಲಹೆಗಳು ಸೇರಿ ಈಗಿನ ರೂಪ ಇದು.

ದೊಡ್ಡ ತಲೆನೋವು ನಕಲುಗಳದ್ದು. ಅಂದಿನ ಎಷ್ಟೋ ಸಿಸಾಪ್‌ಗಳು ಬಂದ ಜಿಪ್ ಬಿಚ್ಚಿ, ತಮ್ಮ ಬೋರ್ಡಿನ ಜಾಹೀರಾತು ತುರುಕಿ ಮತ್ತೆ ಕಟ್ಟುತ್ತಿದ್ದರು. ಹಾಗಾಗಿ ಆವೃತ್ತಿ ಒಂದೇ ಆದರೂ ಜಿಪ್‌ಗಳ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬೇರೆ ಬೇರೆ. ಜಿಪ್‌ನದ್ದು ಬಿಡಿ, ಒಳಗಿನ ಇಎಕ್ಸ್‌ಇ (ಪ್ರೋಗ್ರಾಂ) ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ದಾಖಲಿಸಿ. ವಿವರಣೆಗೆ ಜಿಪ್ ಒಳಗೇ ಇರುವ ಕಿರು ಪರಿಚಯದ ಫೈಲ್, ಫೈಲ್_ಐಡಿ.ಡಿಝ್, ಧಾರಾಳವಾಗಿ ಸಾಕು: 45 ಅಕ್ಷರ ಅಗಲ, 10 ಸಾಲು. ಅದನ್ನು ಸಿಪಿ437 (ಡಾಸ್‌ನ ಅಕ್ಷರ ಸಂಕೇತ) ಎಂದೇ ಓದಿಸಿ ಇಂದಿನ ಯುಟಿಎಫ್-8 ಸಂಕೇತಕ್ಕೆ ಬದಲಿಸಿ. ಇಲ್ಲದಿದ್ದರೆ ಚೌಕಟ್ಟಿನ ಗೆರೆಗಳೆಲ್ಲ ಚುಕ್ಕಿಯಿಟ್ಟ ಯುರೋಪಿನ ಅಕ್ಷರಗಳಾಗುತ್ತವೆ.

ಡೋರ್‌ಗಳಿಗೆ (ಬಿಬಿಎಸ್ ಒಳಗಿಂದ ತೆರೆಯುವ ಆಟ ಮುಂತಾದ ಹೊರಗಿನ ಪ್ರೋಗ್ರಾಂಗಳಿಗೆ) ಡ್ರಾಪ್‌ಫೈಲ್, ಅಂದರೆ ಕರೆ ಮಾಡಿದವರ ವಿವರವನ್ನು ಡೋರ್‌ಗೆ ದಾಟಿಸುವ ಫೈಲ್, ಕಾಲಂ ಕಡ್ಡಾಯ: ಡೋರ್.ಸಿಸ್, ಡಾರ್‌ಇನ್ಫೋ1.ಡೆಫ್ (DORINFO1.DEF), ಚೈನ್.ಟಿಎಕ್ಸ್‌ಟಿ, ಯಾವುದು ಓದುತ್ತದೋ ಅದು. ಎಕ್ಸ್00 ಅಥವಾ ಬಿಎನ್‌ಯು ಥರದ ಫಾಸಿಲ್ ಡ್ರೈವರ್ (ಪ್ರೋಗ್ರಾಂ ಮತ್ತು ಮೋಡೆಮ್ ಪೋರ್ಟ್ ನಡುವಿನ ತಂತ್ರಾಂಶ) ಬೇಕೇ ಎಂಬುದೂ ಇರಲಿ.

'ರನ್‌ಟೈಮ್ ಎರರ್ 200' ಬಂದರೆ ಪ್ರೋಗ್ರಾಂ ಕೆಟ್ಟಿದೆ ಎಂದು ಬರೆಯಬೇಡಿ. ಟರ್ಬೊ ಪ್ಯಾಸ್ಕಲ್ 7ರಲ್ಲಿ ಬರೆದ ಪ್ರೋಗ್ರಾಂಗಳಲ್ಲಿ, ಪರದೆ ನೋಡಿಕೊಳ್ಳುವ ಸಿಆರ್‌ಟಿ ಯುನಿಟ್ ಶುರುವಿನಲ್ಲೇ ಲೂಪ್ ಓಡಿಸಿ ಎಣಿಕೆಯನ್ನು 55ರಿಂದ ಭಾಗಿಸುತ್ತದೆ. ವೇಗದ ಸಿಪಿಯುನಲ್ಲಿ ಬಂದ ಉತ್ತರ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಡಾಸ್‌ಬಾಕ್ಸ್‌ನಲ್ಲಿ (ಇಂದಿನ ಕಂಪ್ಯೂಟರಿನಲ್ಲಿ ಡಾಸ್ ಅನುಕರಿಸುವ ಪ್ರೋಗ್ರಾಂ) ಸೈಕಲ್ಸ್, ಅಂದರೆ ವೇಗ, ಇಳಿಸಿ, ಇಲ್ಲವೇ ಪ್ಯಾಚ್ ಹಾಕಿ. ಯಾವುದು ಕೆಲಸ ಮಾಡಿತೆಂದು ಷರಾ ಬರೆಯಿರಿ.

ಬಾಕಿ ಇರುವುದು ಶೇರ್‌ವೇರ್ (ಮೊದಲು ಬಳಸಿ ನೋಡಿ ಆಮೇಲೆ ಹಣ ಕೊಟ್ಟು ನೋಂದಾಯಿಸುವ ತಂತ್ರಾಂಶ) ಕಾಲಂ: ನೋಂದಣಿ ಕೀ ಈಗಲೂ ಸಿಗುತ್ತದೆಯೇ, ಕೀ ಇಲ್ಲದೆ ಎಷ್ಟು ನೋಡ್ (ಏಕಕಾಲಕ್ಕೆ ಸೇರುವ ಬಳಕೆದಾರರ ಲೈನುಗಳು) ನಡೆಯುತ್ತವೆ. ಗೊತ್ತಿದ್ದವರು ತುಂಬಿ.