ಪದಚರ್ಚೆ: ಸೂಪರ್‌ಮ್ಯಾನ್ ಬೆನ್ನಿನ ಬಟ್ಟೆಗೆ ‘ಕೇಪು’ ಎನ್ನಬಹುದೇ?

ಪ್ರಶ್ನೆ (ಮಡಿಕೇರಿಯಿಂದ): ಗೆಳೆಯರೇ, 1978ರ ‘ಸೂಪರ್‌ಮ್ಯಾನ್’ ಚಿತ್ರಕ್ಕೆ ಇಲ್ಲಿನ ಶಾಲೆ ಮಕ್ಕಳಿಗೆಂದು ಕನ್ನಡ ಅಡಿಬರಹ ಸಿದ್ಧವಾಗುತ್ತಿದೆ. ಅವನ ಬೆನ್ನಿಗಿರುವ ಕೆಂಪು ಬಟ್ಟೆಗೆ ಕರಡಿನಲ್ಲಿ ಒಂದು ಕಡೆ ‘ಕೇಪು’, ಇನ್ನೊಂದು ಕಡೆ ‘ನಿಲುವಂಗಿ’, ಮತ್ತೊಂದು ಕಡೆ ‘ಉತ್ತರೀಯ’ ಎಂದಿದೆ. ಯಾವುದನ್ನು ಉಳಿಸಿಕೊಳ್ಳುವುದು? ಕೊಡವ ಗಂಡಸರ ಸಾಂಪ್ರದಾಯಿಕ ಉಡುಪಿನ ಹೆಸರು ‘ಕುಪ್ಯ’ ಎಂದರೆ ಮಕ್ಕಳಿಗೆ ಬೇಗ ಹಿಡಿಯುವುದಿಲ್ಲವೇ?

ಉತ್ತರ (ವಿರಾಜಪೇಟೆಯಿಂದ): ಬೇರೆಲ್ಲಾದರೂ ಸರಿ, ಕೊಡಗಿನಲ್ಲಿ ‘ಕೇಪು’ ಬೇಡ. ಇಲ್ಲಿ ಕೇಪು ಎಂದರೆ ಕೋವಿಯದು. ನಳಿಗೆಯ ಬಾಯಿಂದ ಮದ್ದು, ಚರೆ ಗಿಡಿದ ಮೇಲೆ ಹಿಂಬದಿಯಲ್ಲಿ ಕೂರಿಸುವ ಸಣ್ಣ ಲೋಹದ ಟೋಪಿ ಅದು. ಕೋವಿಯ ಕುದುರೆ, ಅಂದರೆ ಸುತ್ತಿಗೆಯಂಥ ಭಾಗ, ಬಂದು ಬಡಿದಾಗ ಅದರ ಕಿಡಿಯಿಂದ ಮದ್ದು ಹೊತ್ತಿಕೊಳ್ಳುತ್ತದೆ. ಕೇಪಿನ ಕೋವಿ, ತೋಟೆ ಕೋವಿ ಎಂದು ಬೇರೆ ಮಾಡಿ ಹೇಳುವ ಊರಿನಲ್ಲಿ ‘ಅವನ ಕೇಪು ಹಾರಿತು’ ಎಂದು ಬರೆದರೆ ಗುಂಡು ಹೊಡೆದಂತೆಯೇ ಕೇಳುತ್ತದೆ.

ಕುಪ್ಯವೂ ಹೊಂದುವುದಿಲ್ಲ. ಅದು ಅರ್ಧ ತೋಳಿನ, ಮೊಣಕಾಲಿನವರೆಗೆ ಇಳಿಯುವ ಅಂಗಿ. ಮುಂಭಾಗ ಒಂದರ ಮೇಲೊಂದು ಬಂದು, ಸೊಂಟಕ್ಕೆ ಚೇಲೆ ಎಂಬ ನಡುಪಟ್ಟಿ ಬಿಗಿದರೇ ಅದು ನಿಲ್ಲುವುದು. ಸೂಪರ್‌ಮ್ಯಾನ್‌ನದು ಹೆಗಲಿಗೆ ಸಿಕ್ಕಿಸಿ ಹಿಂದಕ್ಕೆ ಇಳಿಬಿಟ್ಟ ಬಟ್ಟೆ; ಅದಕ್ಕೆ ತೋಳಿಲ್ಲ, ಮುಂಭಾಗವಿಲ್ಲ. ನಿಲುವಂಗಿ ತಪ್ಪಾಗುವುದೂ ಇದೇ ಕಾರಣಕ್ಕೆ. ಉತ್ತರೀಯ ಸಡಿಲವಾಗಿ ಹೆಗಲ ಮೇಲೆ ಇರುವಂಥದ್ದು, ಹಾರಾಟದಲ್ಲಿ ಮೊದಲು ಜಾರಿ ಬೀಳುವುದೇ ಅದು.

‘ಹೊದಿಕೆ’ ಎನ್ನಿ. ಮೊದಲ ಸಲ ‘ಬೆನ್ನಿನ ಕೆಂಪು ಹೊದಿಕೆ’, ಆಮೇಲೆ ಬರೀ ‘ಹೊದಿಕೆ’. ಚಿತ್ರವನ್ನು ಇಷ್ಟು ವರ್ಷದ ಮೇಲೆ ಮತ್ತೆ ನೋಡಿದರೆ ಈ ಪದಕ್ಕೆ ಆಧಾರ ಅದರೊಳಗೇ ಸಿಗುತ್ತದೆ: ಆಕಾಶದಿಂದ ಬಂದ ಮಗು ಟ್ರಕ್ಕನ್ನು ಎತ್ತಿ ಹಿಡಿಯುವಾಗ ಹೊದ್ದಿರುವುದು ಕೆಂಪು ಬಟ್ಟೆಯನ್ನೇ. ಮಗುವಿನ ಹೊದಿಕೆ, ವೀರನ ಹೊದಿಕೆ ಎರಡಕ್ಕೂ ಒಂದೇ ಪದ ಬಂದರೆ ಆ ನಂಟು ಕನ್ನಡದಲ್ಲೂ ಉಳಿಯುತ್ತದೆ.

ನೀವು ಕೇಳದ ಇನ್ನೊಂದು ಪದದ ಮೇಲೂ ಕಣ್ಣಿಡಿ: ‘ಹಾರು’. ಹನುಮಂತ ಕಡಲು ಹಾರಿದ, ಹುಡುಗ ಬೇಲಿ ಹಾರಿದ, ಹಕ್ಕಿ ಹಾರಿತು, ಮೂರಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. 1938ರ ಮೊದಲ ಕಾಮಿಕ್ಸ್‌ನ ಸೂಪರ್‌ಮ್ಯಾನ್‌ಗೆ ಅದು ಚೆನ್ನಾಗಿಯೇ ಒಪ್ಪುತ್ತಿತ್ತು. ಅವನು ಹಕ್ಕಿಯಂತೆ ಹಾರುತ್ತಿರಲಿಲ್ಲ, ಎಂಟನೇ ಒಂದು ಮೈಲಿ, ಅಂದರೆ ಸುಮಾರು 200 ಮೀಟರ್ ನೆಗೆಯುತ್ತಿದ್ದ. ಈ ಚಿತ್ರದಲ್ಲಿ ಮಾತ್ರ ‘ಕಟ್ಟಡದಿಂದ ಹಾರಿದ’ ಎಂದರೆ ಕೆಳಗೆ ಬಿದ್ದ ಎಂದೇ ಅರ್ಥ. ‘ಮೇಲಕ್ಕೆ ಹಾರಿದ’, ‘ಹಾರುತ್ತಾ ಬಂದ’ ಎಂದು ದಿಕ್ಕು ಸೇರಿಸಿ. ನೆಲದಿಂದ ಚಿಮ್ಮುವ ಕಡೆ ‘ನೆಗೆದ’ ಸಾಕು.

ಇನ್ನೊಂದು ಉತ್ತರ (ಕುಶಾಲನಗರದಿಂದ): ಹೊದಿಕೆಗೆ ನನ್ನದೂ ಒಪ್ಪಿಗೆ. ಬೆರಳಚ್ಚಿನಲ್ಲಿ ಎರಡು ಎಚ್ಚರ. ‘ಅತಿಮಾನುಷ ಶಕ್ತಿ’ಯಲ್ಲಿ ‘ತಿ’ ಬಿಟ್ಟುಹೋದರೆ ‘ಅಮಾನುಷ’ವಾಗುತ್ತದೆ. ಹಳೆಯ ಬಳಕೆಯಲ್ಲಿ ಅದಕ್ಕೂ ಮನುಷ್ಯರನ್ನು ಮೀರಿದ್ದು ಎಂಬ ಅರ್ಥವಿತ್ತು, ಈಗ ಉಳಿದಿರುವುದು ಕ್ರೌರ್ಯವೊಂದೇ. ಕಾಗುಣಿತ ಪರೀಕ್ಷೆಗೂ ಇದು ಸಿಕ್ಕುವುದಿಲ್ಲ, ಎರಡೂ ಸರಿಯಾದ ಪದಗಳೇ. ಇನ್ನು ‘ಸೂಪರ್‌ಮ್ಯಾನ್’ ಬರೆಯುವಾಗ ‘ರ್’ ಆದ ಮೇಲೆ ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತಾದ ಝಡ್‌ಡಬ್ಲ್ಯುಎನ್‌ಜೆ ಒತ್ತಬೇಕು. ಒತ್ತದಿದ್ದರೆ ‘ಸೂಪರ್ಮ್ಯಾನ್’ ಎಂದು ಅರ್ಕಾವತ್ತು ಬಂದು ಕೂರುತ್ತದೆ, ತೆರೆಯ ಮೇಲೆ ಎರಡು ಸೆಕೆಂಡಿನಲ್ಲಿ ಅದನ್ನು ಮಕ್ಕಳು ಓದಲಾರರು.