ಸೆಲ್ಫ್ ಟ್ಯಾನರ್ ಪಟ್ಟೆ ಪಟ್ಟೆ, ಕಿತ್ತಳೆ ಬಣ್ಣ. ಭಾನುವಾರ ಮುಹೂರ್ತ, ಬೇಗ ಹೇಳಿ

ಬಣ್ಣದಪೆಟ್ಟಿಗೆ (ಮೈಸೂರು), ಶುಕ್ರವಾರ ಬೆಳಿಗ್ಗೆ 7:10
ಮದುಮಗಳು ಐರ್ಲೆಂಡಿನವಳು. ಹಾಲಿನಂಥ ಮೈ, ಬಿಸಿಲಿಗೆ ಕೆಂಪಗಾಗಿ ಸುಲಿಯತ್ತೆ ಅಷ್ಟೇ. ವಾರವಿಡೀ ಸಮುದ್ರದ ದಡದಲ್ಲಿದ್ದು ಬಂದ ಹಾಗೆ ಹದವಾದ ಹೊನ್ನಬಣ್ಣ ಬೇಕಂತೆ. ಬುಧವಾರ ರಾತ್ರಿ ಸೆಲ್ಫ್ ಟ್ಯಾನರ್ (ಬಿಸಿಲಿಲ್ಲದೆ ಮೈಗೆ ಕಂದು ಬಣ್ಣ ತರೋದು) ಮೂಸ್, ಅಂದ್ರೆ ನೊರೆ, ಒಂದು ಕೋಟ್, ಮಿಟ್‌ನಲ್ಲೇ (ಹಚ್ಚೋ ಕೈಚೀಲ) ಹಚ್ಚಿದ್ದು. ಗುರುವಾರ ಬೆಳಿಗ್ಗೆ ತೊಳೆದಾಗ ಚೆನ್ನಾಗೇ ಇತ್ತು. ರಾತ್ರಿ ಅಲ್ಲಲ್ಲಿ ಬಿಳಚಿಕೊಂಡಿತ್ತು ಅಂತ ಎರಡನೇ ಕೋಟ್ ಕೊಟ್ಟೆ. ಈಗ ಕಿತ್ತಳೆ, ನಡುನಡುವೆ ಬೆರಳಗಲದ ಬಿಳಿ ಪಟ್ಟೆ. ಸ್ಕ್ರಬ್, ವ್ಯಾಕ್ಸ್ ಎಲ್ಲ ಒಂದು ದಿನ ಮೊದಲೇ ಆಗಿದೆ, ಆ ಪಾಠ ಬೇಡ. ನಾಳೆ ಸಂಜೆ ರಿಸೆಪ್ಷನ್. ಬಾಟಲಿಯೇ ಹಾಳಾಗಿದ್ಯಾ?

ಪರ್ಸೆಂಟ್‌ಪುಟ್ಟ, 7:32
ಡಿಎಚ್‌ಎ (ಟ್ಯಾನರ್‌ನಲ್ಲಿ ಕಂದು ತರೋ ಅಂಶ) ಎಷ್ಟು ಪರ್ಸೆಂಟ್? ಇಂಥ ಮೈಗೆ 5–6 ಸಾಕು. ಅದಕ್ಕಿಂತ ಜಾಸ್ತಿ ಆದರೆ ಕಿತ್ತಳೆ ಗ್ಯಾರಂಟಿ. ಯುರೋಪಿನಲ್ಲಿ 10ರ ಮೇಲೆ ಹಾಕೋ ಹಾಗೇ ಇಲ್ಲ.

ಬಣ್ಣದಪೆಟ್ಟಿಗೆ, 7:40
'ಮೀಡಿಯಂ' ಅಂತಿದೆ, ಪರ್ಸೆಂಟ್ ಬರೆದಿಲ್ಲ.

ಪರ್ಸೆಂಟ್‌ಪುಟ್ಟ, 7:43
ಅಲ್ಲೇ ಇದೆ ನೋಡಿ ತಪ್ಪು. ಎರಡು ಕೋಟ್ ಬೇರೆ. ಕೇಸ್ ಮುಗೀತು.

ಕಡಲತಡಿ (ಮಂಗಳೂರು), 8:05
ಎಂತ ಮುಗಿದದ್ದು ಮಾರಾಯ್ರೆ? ಪರ್ಸೆಂಟ್ ಹೆಚ್ಚಾದ್ರೆ ಇಡೀ ಮೈ ಕಿತ್ತಳೆ ಆಗ್ಬೇಕು, ಪಟ್ಟೆ ಯಾಕೆ ಬರ್ತದೆ? ರಾತ್ರಿ ಬೆವರಿರ್ಬೇಕು. ಮೂಸ್ ಹಚ್ಚಿ 8 ಗಂಟೆ ಫ್ಯಾನಿನ ಕೆಳಗೆ, ಸಡಿಲ ಹತ್ತಿ ಬಟ್ಟೆಯಲ್ಲಿ ಇರ್ಬೇಕು. ಬೆವರು ಇಳಿದ ದಾರಿಯಲ್ಲೆಲ್ಲ ಗೆರೆ ಬೀಳ್ತದೆ.

ಗಾಳಿಗನ್, 8:20
ಮಿಟ್ ಕಾಲ ಹೋಯ್ತು ಸ್ವಾಮಿ. ನನ್ನದು ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸೋ ಗನ್), 0.5 ಎಂಎಂ ನಾಝಲ್, ಮೈಯಿಂದ ಒಂದು ಗೇಣು ದೂರ. ಪಟ್ಟೆ ಅನ್ನೋ ಪದವೇ ಇಲ್ಲ ನಮ್ಮಲ್ಲಿ.

ಮಂಜಿನಕಣ್ಣು, 8:31
ನಮ್ಮ ಹುಡುಗಿಯರಿಗೆ ಎರಡು ಶೇಡ್ ಬಿಳಿ ಹಚ್ಚೋದೇ ಕಸುಬಾಗಿರುವವರು ಈಗ ಬಿಳಿಯವಳಿಗೆ ಕಂದು ಬಳಿಯೋಕೆ ಒದ್ದಾಡ್ತಿದೀರ. ಆ ಹುಡುಗಿ ಇರೋ ಹಾಗೇ ಇರಲಿ ಬಿಡಿ.

ಬಣ್ಣದಪೆಟ್ಟಿಗೆ, 8:33
ಆ ಚರ್ಚೆಗೆ ಬೇರೆ ಥ್ರೆಡ್ ತೆಗೀರಿ, ನಾನೂ ಬರ್ತೀನಿ. ಇವತ್ತು ಬೇಡ.

ಹುರಮಂಜು (ಹುಬ್ಬಳ್ಳಿ), 9:02
ಎಲ್ಲೆಲ್ಲಿ ಆಗೇತಿ ಅದನ್ನ ಹೇಳ್ರಿ ಮೊದ್ಲ. ಬೆನ್ನು ಹೆಂಗದ?

ಬಣ್ಣದಪೆಟ್ಟಿಗೆ, 9:15
ಬೆನ್ನು, ಹೊಟ್ಟೆ, ತೊಡೆ ಒಂದೇ ಸಮ, ಚಂದ ಇದೆ. ಕೆಟ್ಟಿರೋದು ಪಾದ, ಮೊಣಕಾಲು, ಭುಜ, ಮುಂಗೈ, ಕೆನ್ನೆ.

ಹುರಮಂಜು, 9:21
ಪಾದ, ಮೊಣಕಾಲು, ಭುಜ, ಕೆನ್ನಿ. ಅಕ್ಕಾರ, ಇದು ಮುತ್ತೈದೇರು ಕೈಯಾಡಿಸೋ ಜಾಗ. ನಿನ್ನಿ ಅರಿಶಿಣ ಶಾಸ್ತ್ರ ಆತೇನ್ರಿ?

ಬಣ್ಣದಪೆಟ್ಟಿಗೆ, 9:24
ಆಯ್ತು, ಮಧ್ಯಾಹ್ನ. ಆಮೇಲೆ ಕಡಲೆಹಿಟ್ಟು ಉಜ್ಜಿ, ಸೋಪು ಹಾಕಿ ಸ್ನಾನ ಮಾಡಿಸಿದ್ರು. ಅದಕ್ಕೂ ಇದಕ್ಕೂ ಏನು? ಟ್ಯಾನ್ ಅಷ್ಟೊತ್ತಿಗೆ ಕೂತಿತ್ತಲ್ಲ.

ಹುರಮಂಜು, 9:50
ಕೂತಿದ್ದು ಎಲ್ಲಿ ಅನ್ನೋದು ನೋಡ್ರಿ. ಡಿಎಚ್‌ಎ ಬಣ್ಣ ಅಲ್ಲ, ಸಕ್ಕರಿ ಜಾತಿ. ತೊಗಲಿನ ತೀರಾ ಮ್ಯಾಲಿನ ಸತ್ತ ಪದರದ ಪ್ರೋಟೀನ್ ಜೊತಿ ಸೇರಿ ಕಂದಾಗತದ. ದೋಸಿ ಕೆಂಪಾಗೋದೂ ಇದೇ ಕ್ರಿಯೆ. ಆ ಪದರ ತಾನಾಗೇ ಉದುರಾಕ 5–7 ದಿನ ಬೇಕು. ಕಡ್ಲಿಹಿಟ್ಟು ತಿಕ್ಕಿದ್ರ ಐದು ನಿಮಿಷ ಸಾಕು. ನಿಮ್ಮ ಬೆರಳಗಲದ ಬಿಳಿ ಪಟ್ಟಿ ಅಂದ್ರ ಯಾರೋ ಬೆರಳು ಎಳದ ಗುರುತು.

ಕಿತ್ತಳಿ ಆಗಿದ್ದು ಕಂದಿನ ಮ್ಯಾಲೆ ಅರಿಶಿಣದ ಹಳದಿ ಕೂತು. ಎರಡನೇ ಕೋಟ್ ಎಣ್ಣಿ ಜಿಡ್ಡು ಉಳದಲ್ಲೆ ಇಳದಿಲ್ಲ, ಹಿಟ್ಟಿನಿಂದ ಒಣಗಿ ಒರಟಾದಲ್ಲೆ ಜಾಸ್ತಿ ಹೀರೇತಿ.

ಪರೀಕ್ಷಾ ಮಾಡ್ರಿ: ಹತ್ತಿ ಉಂಡಿಗೆ ಸೋಪಿನ ನೀರು ಹಚ್ಚಿ ಕಿತ್ತಳಿ ಜಾಗ ಒರಸ್ರಿ. ಹತ್ತಿ ಕೆಂಪಾದ್ರ ಅರಿಶಿಣ. ಕ್ಷಾರ ತಾಗಿದ್ರ ಅದು ಕುಂಕುಮದಂಗ ತಿರಗತದ. ಟ್ಯಾನ್ ಹತ್ತಿಗೆ ಬರಂಗಿಲ್ಲ.

ಪರ್ಸೆಂಟ್‌ಪುಟ್ಟ, 9:58
ಇರಬಹುದು. ಆದರೂ 'ಮೀಡಿಯಂ' ಜಾಸ್ತಿಯಾಯ್ತು ಅನ್ನೋ ನನ್ನ ಮಾತು ಹಾಗೇ ಇದೆ.

ಬಣ್ಣದಪೆಟ್ಟಿಗೆ, 10:20
ಹತ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನಿಂಬೆಹಣ್ಣು, ಅಡುಗೆ ಸೋಡಾ ಹಾಕಿ ಉಜ್ಜಲಾ?

ಕಡಲತಡಿ, 10:24
ಬೇಡವೇ ಬೇಡ! ನಿನ್ನೆ ಉಜ್ಜಿದ ಚರ್ಮ ಅದು, ಉರಿದು ಕೆಂಪಾಗ್ತದೆ. ಕೆಂಪಿನ ಮೇಲೆ ಯಾವ ಫೌಂಡೇಶನ್ನೂ ಚಂದ ಕೂರುದಿಲ್ಲ. ಅರಿಶಿನ ಎಣ್ಣೆಗೆ ಬಿಡ್ತದೆ. ಬೆಚ್ಚಗಿನ ತೆಂಗಿನೆಣ್ಣೆ ಕೆಟ್ಟ ಜಾಗಕ್ಕೆ ಮಾತ್ರ ಹಚ್ಚಿ, 20 ನಿಮಿಷ ಬಿಟ್ಟು ಹತ್ತಿಯಲ್ಲಿ ಒತ್ತಿ ತೆಗೀರಿ. ಮೂರು ಸಲ ಮಾಡಿ. ಆಮೇಲೆ ಸೋಪಲ್ಲ, ಪಿಎಚ್ 5.5ರ (ಕ್ಷಾರ ಇಲ್ಲದ) ಫೇಸ್‌ವಾಶ್. ಮೆಹೆಂದಿ ಯಾವಾಗ?

ಬಣ್ಣದಪೆಟ್ಟಿಗೆ, 10:31
ಇವತ್ತು ಸಂಜೆ 5ಕ್ಕೆ.

ಕಡಲತಡಿ, 10:40
ಅದನ್ನು ಮೊದಲೇ ಹೇಳ್ಬೇಕಲ್ವಾ! ಹಾಗಾದ್ರೆ ಮುಂಗೈಯಿಂದ ಶುರು ಮಾಡಿ. ಜಿಡ್ಡು ಉಳಿದ್ರೆ ಮೆಹೆಂದಿ ಹಿಡಿಯುದಿಲ್ಲ, ಫೇಸ್‌ವಾಶಲ್ಲಿ ಎರಡು ಸಲ ತೊಳೀರಿ. ಮೊಣಕೈ ಕೆಳಗೆ ಇನ್ನು ಟ್ಯಾನರ್ ಬೇಡ, ಪಟ್ಟೆಯನ್ನು ಮೆಹೆಂದಿಯೇ ಮುಚ್ತದೆ.

ಉಳಿದ ಬಿಳಿ ಪಟ್ಟೆಗೆ ರಾತ್ರಿ ಗ್ರ್ಯಾಜುಯಲ್ ಲೋಷನ್ (ನಿಧಾನಕ್ಕೆ ಬಣ್ಣ ಬರುವ ತೆಳು ಟ್ಯಾನರ್), ಪಟ್ಟೆಯ ಒಳಗೆ ಮಾತ್ರ, ಚಪ್ಪಟೆ ಫೌಂಡೇಶನ್ ಬ್ರಷ್ಷಲ್ಲಿ. ಅಂಚಿಗೆ ಒಂದು ಚೂರು ಮಾಯಿಶ್ಚರೈಸರ್ ಎಳೆದು ಕರಗಿಸಿ. ಮೊಣಕಾಲು, ಹಿಮ್ಮಡಿಗೆ ಕ್ರೀಮ್ ಹಚ್ಚಿದ ಮೇಲೆಯೇ ಲೋಷನ್. ಇಡೀ ಮೈಗೆ ಮೂರನೇ ಕೋಟ್ ಅಂತೂ ಬೇಡ. ಮುಖಕ್ಕೆ ಟ್ಯಾನರ್ ಮುಟ್ಟಿಸ್ಬೇಡಿ, ಅದನ್ನು ನಾಳೆ ಮೇಕಪ್ಪಲ್ಲೇ ನೋಡುವ.

ಬಣ್ಣದಪೆಟ್ಟಿಗೆ, ಮಧ್ಯಾಹ್ನ 2:15
ಮೂರು ಸಲ ಎಣ್ಣೆ ಆಯ್ತು. ಮುಕ್ಕಾಲು ಕಿತ್ತಳೆ ಹೋಗಿದೆ. ಬಲಕೆನ್ನೆ ಕೆಳಗೆ ಒಂದು ಮಚ್ಚೆ ಉಳಿದಿದೆ, ಎಂಟಾಣೆ ಅಗಲ.

ಹುರಮಂಜು, 2:40
ಅಲ್ಲಿ ಇನ್ನ ತಿಕ್ಕಬ್ಯಾಡ್ರಿ. ನೀಲಿ ಕರೆಕ್ಟರ್ (ಬ್ಯಾಡಾದ ಬಣ್ಣ ಅಡಗಸೋ ಕ್ರೀಮ್) ಅಕ್ಕಿಕಾಳಿನಷ್ಟು ತಗೊಂಡು ಬೆರಳಲ್ಲೇ ತಟ್ಟಿದ್ರ ಕಿತ್ತಳಿ ಸಾಯತದ. ಫೌಂಡೇಶನ್ ಶೇಡು ದವಡಿಗೆ ಅಲ್ಲ, ಎದಿಗೆ ಹೊಂದಿಸ್ರಿ. ಮೈ ಈಗ ಮುಖಕ್ಕಿಂತ ಒಂದು ಶೇಡ್ ಗಾಢ ಅದ. ತೆಳ್ಳಗ ಇರಲಿ, ಚರ್ಮ ಕಾಣಬೇಕು.

ಕ್ರೀಮ್ ಬ್ರಾಂಜರ್ (ಬಿಸಿಲಿನ ಕಂದು ಕೊಡೋ ಮೇಕಪ್) ಬಿಸಿಲು ಬೀಳೋ ಕಡೆ ಅಷ್ಟೇ: ಹಣಿ ಮ್ಯಾಲಿನ ಅಂಚು, ಕೆನ್ನಿ ಎಲಬಿನ ನೆತ್ತಿ, ಮೂಗಿನ ದಿಣ್ಣಿ, ಗದ್ದ. ಕೆನ್ನಿ ಕುಳಿಯೊಳಗ ಹಾಕಿದ್ರ ಕಾಂಟೂರ್, ಅಂದ್ರ ನೆರಳು, ಆಗತದ, ಬಿಸಿಲಲ್ಲ. ಪೀಚ್ ಬ್ಲಶ್ ಒಂದು ಕೆನ್ನಿಯಿಂದ ಮೂಗು ದಾಟಿ ಇನ್ನೊಂದು ಕೆನ್ನಿಗೆ ಹೋಗಲಿ. ಪೌಡರ್ ಮೂಗಿನ ಪಕ್ಕ, ಹಣಿ ನಡುವ, ಮತ್ತೆಲ್ಲೂ ಬ್ಯಾಡ. ಆಕಿ ಮೂಗಿನ ಮ್ಯಾಲೆ ಸಹಜ ಚುಕ್ಕಿ ಇದ್ರ ಮುಚ್ಚಬ್ಯಾಡ್ರಿ, ಅದs ಅರ್ಧ ಕೆಲಸ ಮಾಡತದ.

ಬಣ್ಣದಪೆಟ್ಟಿಗೆ, 3:05
ಚುಕ್ಕೆ ಇದೆ, ಬೇಕಾದಷ್ಟು. ಮುಹೂರ್ತದ ದಿನ ಮತ್ತೆ ಎಣ್ಣೆ ಅರಿಶಿನ ಅಂತಾರಲ್ಲ, ಆಗ?

ಗಾಳಿಗನ್, 3:20
ಅದಕ್ಕೇ ಏರ್‌ಬ್ರಷ್ ಅಂದಿದ್ದು. ಮುಖಕ್ಕೆ 0.3 ನಾಝಲ್, 10 ಪಿಎಸ್‌ಐ ಗಾಳಿ ಒತ್ತಡ, ಹತ್ತು ನಿಮಿಷದಲ್ಲಿ ಮುಖ, ಕುತ್ತಿಗೆ, ಬೆನ್ನು ಮುಗಿಸ್ತೀನಿ. ಟ್ಯಾನಿಂಗೂ ಅದರಲ್ಲೇ.

ಕಡಲತಡಿ, 3:26
ಟ್ಯಾನಿಂಗ್ ಸ್ಪ್ರೇಗೆ ಮೂಗಿಗೆ ಫಿಲ್ಟರ್, ತುಟಿಗೆ ಬಾಮ್, ಕಣ್ಣಿಗೆ ಕವರ್ ಕೊಡ್ತೀರಾ? ಅಮೆರಿಕದ ಎಫ್‌ಡಿಎ (ಔಷಧ, ಸೌಂದರ್ಯವರ್ಧಕ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಡಿಎಚ್‌ಎಯನ್ನು ಒಪ್ಪಿದ್ದು ಮೈಗೆ ಹಚ್ಚಲಿಕ್ಕೆ, ಉಸಿರಿನೊಳಗೆ ಎಳ್ಕೊಳ್ಳಲಿಕ್ಕೆ ಅಲ್ಲ.

ಗಾಳಿಗನ್, 3:29
ಎಲ್ಲ ಕೊಡ್ತೀವಿ. ಹೊಸ ಕಂಪ್ರೆಸರ್ ನೋಡಬೇಕು ನೀವು, 3 ಲೀಟರ್ ಟ್ಯಾಂಕ್, ಸದ್ದೇ ಇಲ್ಲ.

ಹುರಮಂಜು, 3:45
@ಬಣ್ಣದಪೆಟ್ಟಿಗೆ, ಮನಿ ಹಿರೇರಿಗೆ ಹೇಳ್ರಿ: ಪಾದಕ್ಕೂ ಅಂಗೈಗೂ ಗರಿಕಿಯಿಂದ ಮುಟ್ಟಿಸಿದ್ರ ಶಾಸ್ತ್ರ ಆತು. ತಿಕ್ಕೋದು ಬ್ಯಾಡ.

ಪರ್ಸೆಂಟ್‌ಪುಟ್ಟ, 3:51
ಯಾವ ಕಂಪನಿ ಕಂಪ್ರೆಸರ್? ನನ್ನದು ಫ್ರಿಜ್ ಥರ ಕೂಗತ್ತೆ.